ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುಂಚೆ: ಲಿನಕ್ಸ್‌ಗೆ ಬದಲಾಗುವುದು ಹೇಗೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ಮುಗಿಯಿತು. ಬೇಕಾದವರು ನೋಂದಾಯಿಸಿಕೊಂಡು ಇನ್ನೊಂದು ವರ್ಷ ತಳ್ಳಬಹುದು, ಅಷ್ಟೇ. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ 2017ಕ್ಕೆ ಮುಂಚೆ ಕೊಂಡ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಹೊರಗೆ.

ಬೆಂಗಳೂರಿನಲ್ಲಿ ಇಂಥ ಒಂದು ಲ್ಯಾಪ್‌ಟಾಪ್ ಇಲ್ಲದ ಮನೆ ಹುಡುಕುವುದು ಕಷ್ಟ. ಸ್ಕ್ರೀನ್ ಸರಿಯಿದೆ, ಕೀಬೋರ್ಡ್ ಸರಿಯಿದೆ, ಆದರೂ ಬೀರು ಮೇಲೆ ಧೂಳು ತಿನ್ನುತ್ತಿರುತ್ತದೆ. ಇನ್ನೂ ವರ್ಷಗಟ್ಟಲೆ ದುಡಿಯುವ ಯಂತ್ರವನ್ನು ಎಲ್ಲೋ ಕೂತ ಕಂಪನಿಯೊಂದರ ತೀರ್ಮಾನಕ್ಕಾಗಿ ಗುಜರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಆಫೀಸ್ ಹಾಕಿಸಿಕೊಂಡು ನಡೆಸುವುದೂ ಬೇಡ. ಆ ಕ್ರ್ಯಾಕ್ ಜೊತೆ ಏನೇನು ಒಳಗೆ ಬಂತು ಅಂತ ಹಾಕಿಕೊಟ್ಟವನಿಗೂ ಗೊತ್ತಿರುವುದಿಲ್ಲ. ಅದೇ ಕಂಪ್ಯೂಟರ್‌ನಲ್ಲಿ ನಾವು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೇವೆ.

ಉಳಿದ ದಾರಿ ಲಿನಕ್ಸ್. ವಿಂಡೋಸ್ ಜಾಗದಲ್ಲಿ ಕೂರುವ, ಉಚಿತವಾಗಿ ಸಿಗುವ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ ಅದು. ಬದಲಾಗುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಲಿನಕ್ಸ್ ಹಾಕಲಿ ಅಂತ. ಅದನ್ನು ಕೊನೆಗೆ ಕೇಳಿಕೊಳ್ಳಿ. ಮೊದಲು ನೀವು ದಿನಾ ಬಳಸುವ ತಂತ್ರಾಂಶಗಳನ್ನು ಬದಲಾಯಿಸಿ. ಅವು ಕೈಗೆ ಹತ್ತಿದ ಮೇಲೆ ಕೆಳಗಿರುವ ವಿಂಡೋಸ್ ತೆಗೆದು ಲಿನಕ್ಸ್ ಇಟ್ಟರೆ ಅಷ್ಟೇನೂ ಗೊತ್ತಾಗುವುದಿಲ್ಲ. ಈ ಬರಹವೂ ಅದೇ ಕ್ರಮದಲ್ಲಿದೆ.

ಮೊದಲು ಒಂದು ಪಟ್ಟಿ

ಒಂದು ವಾರ ಕಂಪ್ಯೂಟರ್‌ನಲ್ಲಿ ಏನೇನು ಮಾಡುತ್ತೀರಿ ಅಂತ ಚೀಟಿಯಲ್ಲಿ ಬರೆದಿಡಿ. ಸಣ್ಣಪುಟ್ಟದ್ದೂ ಇರಲಿ. ಬೆಸ್ಕಾಂ ಬಿಲ್ ಕಟ್ಟಿದ್ದು, ಮಗಳ ಪ್ರಾಜೆಕ್ಟ್ ಪ್ರಿಂಟ್ ತೆಗೆದಿದ್ದು, ವಾಟ್ಸಾಪ್ ವೆಬ್‌ನಲ್ಲಿ ಬಂದ ಪಿಡಿಎಫ್ ತೆರೆದಿದ್ದು. ಮುಕ್ಕಾಲು ಪಾಲು ಕೆಲಸ ಬ್ರೌಸರ್‌ನಲ್ಲೇ ನಡೆಯುತ್ತಿದೆ ಅಂತ ಆಗ ಗೊತ್ತಾಗುತ್ತದೆ. ಬ್ರೌಸರ್‌ನಲ್ಲಿ ಆಗುವ ಕೆಲಸಕ್ಕೆ ವಿಂಡೋಸ್ ಆದರೇನು, ಲಿನಕ್ಸ್ ಆದರೇನು, ವ್ಯತ್ಯಾಸ ಇಲ್ಲ. ಆದಾಯ ತೆರಿಗೆ ಪೋರ್ಟಲ್, ಗೂಗಲ್ ಮೀಟ್, ಯೂಟ್ಯೂಬ್ ಎಲ್ಲ ಅಲ್ಲಿದ್ದ ಹಾಗೇ ಇಲ್ಲೂ. ಜೂಮ್‌ಗೆ ಲಿನಕ್ಸ್ ಆವೃತ್ತಿಯೇ ಇದೆ.

ಉಳಿದ ಕಾಲು ಪಾಲನ್ನು ಹುಷಾರಾಗಿ ನೋಡಿ. ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ. ಆಟೋಕ್ಯಾಡ್‌ಗೆ ಇಲ್ಲ. ಫೋಟೊಶಾಪ್, ಪೇಜ್‌ಮೇಕರ್‌ಗೂ ಇಲ್ಲ. ವ್ಯಾಲರಂಟ್ ಥರದ ಆಟಗಳು, ಕಳ್ಳಾಟ ತಡೆಯುವ ತಂತ್ರಾಂಶವನ್ನು ವಿಂಡೋಸ್‌ನ ಒಳಗೇ ಕೂರಿಸುವುದರಿಂದ, ಲಿನಕ್ಸ್‌ನಲ್ಲಿ ಓಡುವುದಿಲ್ಲ. ನೀವು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಡಿಟಿಪಿ ಮಾಡುವವರಾದರೆ, ಅಥವಾ ದಿನವಿಡೀ ಟ್ಯಾಲಿ ಮುಂದೆ ಕೂರುವವರಾದರೆ, ಆ ಕಂಪ್ಯೂಟರ್ ವಿಂಡೋಸ್‌ನಲ್ಲೇ ಇರಲಿ. ಅನ್ನ ಕೊಡುವ ಯಂತ್ರದ ಮೇಲೆ ಪ್ರಯೋಗ ಬೇಡ. ಮನೆಯ ಇನ್ನೊಂದು ಲ್ಯಾಪ್‌ಟಾಪ್ ಬದಲಾಯಿಸಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು, ಕೊಟ್ಟವರ ಹತ್ತಿರ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ಕೇಳಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಅಂತೂ ಮುಟ್ಟಲೇಬೇಡಿ. ಅದು ನಿಮ್ಮದಲ್ಲ.

ವಿಂಡೋಸ್‌ನಲ್ಲಿ ಇದ್ದುಕೊಂಡೇ ತಂತ್ರಾಂಶ ಬದಲಾಯಿಸಿ

ಈಗಿರುವ ವಿಂಡೋಸ್‌ನಲ್ಲೇ ಬ್ರೌಸರ್ ಆಗಿ ಫೈರ್‌ಫಾಕ್ಸ್, ವರ್ಡ್, ಎಕ್ಸೆಲ್ ಕೆಲಸಕ್ಕೆ ಲಿಬ್ರೆಆಫೀಸ್, ವಿಡಿಯೊ ನೋಡಲು ವಿಎಲ್‌ಸಿ ಹಾಕಿಕೊಳ್ಳಿ. ಮೇಲ್ ಕಂಪ್ಯೂಟರ್‌ಗೇ ಇಳಿಸಿಕೊಳ್ಳುವ ಅಭ್ಯಾಸ ಇದ್ದರೆ ಥಂಡರ್‌ಬರ್ಡ್. ಫೋಟೊ ತಿದ್ದಲು ಗಿಂಪ್, ಚಿತ್ರ ಬರೆಯಲು ಇಂಕ್‌ಸ್ಕೇಪ್ ಅಥವಾ ಕ್ರಿಟಾ, ದನಿ ಕತ್ತರಿಸಲು ಆಡಾಸಿಟಿ, ವಿಡಿಯೊಗೆ ಕೆಡೆನ್‌ಲೈವ್. ಇವೆಲ್ಲವೂ ಮುಕ್ತ ತಂತ್ರಾಂಶಗಳು (ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು), ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಸಿಗುತ್ತವೆ. ಒಂದು ತಿಂಗಳು ಇವುಗಳಲ್ಲೇ ಕೆಲಸ ಮಾಡಿ. ಯಾವುದಾದರೂ ಒಗ್ಗಲಿಲ್ಲ ಅಂದರೆ ಇಲ್ಲೇ ಗೊತ್ತಾಗಲಿ. ಇಲ್ಲಿ ಇನ್ನೂ ಏನೂ ಕಳೆದುಕೊಂಡಿರುವುದಿಲ್ಲ.

ಹೆಚ್ಚು ಜನಕ್ಕೆ ತೊಡಕಾಗುವುದು ಲಿಬ್ರೆಆಫೀಸ್. ವರ್ಡ್ ಕಡತ ತೆರೆದಾಗ ಸಾಲುಗಳು ಆಚೀಚೆ ಆದರೆ ಬಹುಮಟ್ಟಿಗೆ ಅದು ಫಾಂಟ್ ಇಲ್ಲದ ತೊಂದರೆ. ಮೈಕ್ರೋಸಾಫ್ಟ್‌ನ ಕ್ಯಾಲಿಬ್ರಿ ಲಿನಕ್ಸ್ ಜೊತೆ ಬರುವುದಿಲ್ಲ. ಅದೇ ಅಳತೆಯ ಕಾರ್ಲಿಟೊ ಎಂಬ ಮುಕ್ತ ಫಾಂಟ್ ಇದೆ, ಕೇಂಬ್ರಿಯಾ ಜಾಗಕ್ಕೆ ಕ್ಯಾಲಡಿಯಾ ಇದೆ. ಎರಡನ್ನೂ ಹಾಕಿಕೊಂಡರೆ ಪುಟಗಳು ಅಲುಗಾಡುವುದು ಬಹಳ ಕಮ್ಮಿಯಾಗುತ್ತದೆ. ಬಯೊಡೇಟಾ, ಪತ್ರ, ಬಿಲ್ ಹೊರಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ಜೆರಾಕ್ಸ್ ಅಂಗಡಿಗೆ ಪ್ರಿಂಟ್‌ಗೆ ಒಯ್ಯುವುದೂ ಪಿಡಿಎಫ್ ಆಗಿರಲಿ. ಎಕ್ಸೆಲ್‌ನಲ್ಲಿ ದೊಡ್ಡ ಮ್ಯಾಕ್ರೊ ಬರೆದಿಟ್ಟುಕೊಂಡವರು ಮಾತ್ರ ಒಂದೊಂದನ್ನೂ ಓಡಿಸಿ ನೋಡಬೇಕು. ಎಲ್ಲವೂ ನಡೆಯುವುದಿಲ್ಲ.

ಕನ್ನಡ

ನಮ್ಮಲ್ಲಿ ಎಷ್ಟೋ ಜನ ಲಿನಕ್ಸ್ ಬಿಟ್ಟು ವಾಪಸ್ ಹೋಗುವುದು ಕನ್ನಡ ಬರೆಯಲು ಆಗಲಿಲ್ಲ ಅಂತ. ನುಡಿ, ಬರಹ ತಂತ್ರಾಂಶಗಳು ಇಲ್ಲದೆ ಹೇಗೆ ಅಂತ ಭಯ. ಆ ಭಯ ಬೇಡ, ಆದರೆ ಅರ್ಧ ಗಂಟೆ ಕೂತು ಸರಿಮಾಡಿಕೊಳ್ಳಬೇಕು.

ನುಡಿಯಲ್ಲಿ ಬೆರಳು ಪಳಗಿದ್ದರೆ ನೀವು ಬಳಸುತ್ತಿರುವುದು ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’ ಮೂಡುತ್ತದಲ್ವಾ, ಅದೇ. ಲಿನಕ್ಸ್‌ನಲ್ಲೂ ಅದು ಹಾಗೇ ಇದೆ. ಸಾಫ್ಟ್‌ವೇರ್ ಮ್ಯಾನೇಜರ್ (ಲಿನಕ್ಸ್‌ನಲ್ಲಿ ತಂತ್ರಾಂಶ ಹುಡುಕಿ ಹಾಕಿಕೊಳ್ಳುವ ಜಾಗ) ತೆರೆದು ‘ಐಬಸ್ ಎಂ17ಎನ್’ (ibus-m17n) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ ಇನ್‌ಸ್ಟಾಲ್ ಮಾಡಿ. ಒಮ್ಮೆ ಲಾಗೌಟ್ ಮಾಡಿ ಮತ್ತೆ ಒಳಗೆ ಬನ್ನಿ. ಆಮೇಲೆ ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ (kgp) ಎಂಬುದನ್ನು ಸೇರಿಸಿ. ಬರಹದಲ್ಲಿ ಇಂಗ್ಲಿಷ್ ಉಚ್ಚಾರಣೆಯಂತೆ ಹೊಡೆದು ರೂಢಿಯಾದವರಿಗೆ ಅಲ್ಲೇ ‘ಐಟ್ರಾನ್ಸ್’ ಇದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಐಬಸ್‌ನಲ್ಲಿ ಸಾಮಾನ್ಯವಾಗಿ ವಿಂಡೋಸ್ ಗುರುತಿನ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್.

ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ಕೆಲಸ ಬಾಕಿ. ಅದು ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುಂಪಿಗೆ ಸೇರಿಸುತ್ತದೆ. ಆಯ್ಕೆಗಳಲ್ಲಿ ಭಾಷೆಗಳ ಪುಟಕ್ಕೆ ಹೋಗಿ ಅದನ್ನು ಟಿಕ್ ಮಾಡಿ, ಭಾಷೆ ಕನ್ನಡ ಎಂದು ಆರಿಸಿ. ಇಂಗ್ಲಿಷ್‌ಗೆ ಒಂದು ಫಾಂಟ್ ಮತ್ತು ಅಳತೆ, ಕನ್ನಡಕ್ಕೆ ಬೇರೆ ಫಾಂಟ್ ಮತ್ತು ಅಳತೆ ಇಡಲು ಬರುವುದು ಇದರಿಂದಲೇ. ಇದು ಗೊತ್ತಿಲ್ಲದೆ ಕನ್ನಡದ ಅಳತೆ ಬದಲಾಗುತ್ತಿಲ್ಲ ಅಂತ ಒದ್ದಾಡುವವರು ಬಹಳ ಮಂದಿ. ಅಕ್ಷರಗಳು ಚೆನ್ನಾಗಿ ಕಾಣಲು ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳಿವೆ. ನೋಟೊ ಕನ್ನಡವೂ ಇದೆ.

ಹಳೇ ನುಡಿ ಕಡತಗಳದ್ದು ಬೇರೆ ಕಥೆ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಮುಂಚಿನ ಕಾಲದಲ್ಲಿ ಬರೆದ ಪತ್ರ, ಕವನ, ಸಂಘದ ನಡಾವಳಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕಡತ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೇ. ವಿಂಡೋಸ್ ಇರುವಾಗಲೇ ಆ ನುಡಿ ಅಥವಾ ಬರಹ ಫಾಂಟ್ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಲಿನಕ್ಸ್‌ನಲ್ಲಿ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಓದಲು ಬರುತ್ತದೆ. ಬಿಡುವಿದ್ದಾಗ ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸಿಡಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಈ ಕೆಲಸ ಲಿನಕ್ಸ್‌ಗಾಗಿ ಅಲ್ಲದಿದ್ದರೂ ಮಾಡಲೇಬೇಕಾದದ್ದು. ಹಾಗೇ ಬಿಟ್ಟರೆ ಆ ಬರಹಗಳನ್ನು ಹುಡುಕಲೂ ಆಗುವುದಿಲ್ಲ, ಮೊಬೈಲ್‌ನಲ್ಲಿ ಓದಲೂ ಆಗುವುದಿಲ್ಲ.

ಈಗ, ಯಾವ ಲಿನಕ್ಸ್?

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯಲು ಶುರುಮಾಡಿದ್ದು ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು ಮಾತ್ರ. ಅದರ ಸುತ್ತ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಸಲಕರಣೆಗಳು, ಡೆಸ್ಕ್‌ಟಾಪ್, ಬೇಕಾದ ತಂತ್ರಾಂಶ ಎಲ್ಲ ಸೇರಿಸಿ ಕೊಡುವ ಕಟ್ಟಿಗೆ ಡಿಸ್ಟ್ರೊ ಅನ್ನುತ್ತಾರೆ. ನೂರಾರಿವೆ. ಎಲ್ಲವನ್ನೂ ಹೋಲಿಸುತ್ತ ಕೂತರೆ ಬದಲಾಗುವುದೇ ಇಲ್ಲ.

ನನ್ನ ಮಾತು ನೇರವಾಗಿದೆ. ವಿಂಡೋಸ್‌ನಿಂದ ಬರುತ್ತಿದ್ದರೆ ಲಿನಕ್ಸ್ ಮಿಂಟ್ ಹಾಕಿ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ಮನೆಯವರಿಗೆ ಹೇಳಿಕೊಡುವುದು ಕಮ್ಮಿ ಇರುತ್ತದೆ. ಮಿಂಟ್ 22 ಉಬುಂಟು 24.04ರ ಮೇಲೆ ನಿಂತಿದೆ, 2029ರ ತನಕ ಅಪ್‌ಡೇಟ್ ಸಿಗುತ್ತದೆ. ಅದರಲ್ಲಿ ಸಿನಮನ್ ಅಂತ ಒಂದು ಆವೃತ್ತಿ, ಎಕ್ಸ್‌ಎಫ್‌ಸಿಇ ಅಂತ ಇನ್ನೊಂದು. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ, ಅದು ಹಗುರ. 2 ಜಿಬಿ ಇದ್ದರೆ ಲಿನಕ್ಸ್ ಏಳುತ್ತದೆ, ಆದರೆ ಇವತ್ತಿನ ವೆಬ್‌ಸೈಟ್‌ಗಳೇ ಆ ರ‍್ಯಾಮ್ ತಿಂದುಹಾಕುತ್ತವೆ. ರ‍್ಯಾಮ್ ಹೆಚ್ಚಿಸದೆ ಸುಖ ಇಲ್ಲ. ಉಬುಂಟು, ಫೆಡೋರಾ ಕೂಡ ಒಳ್ಳೆಯವೇ. ನಿಮ್ಮ ಗೆಳೆಯರೋ ಪಕ್ಕದ ಮನೆಯವರೋ ಅವನ್ನು ಬಳಸುತ್ತಿದ್ದರೆ ಅದನ್ನೇ ಹಾಕಿಕೊಳ್ಳಿ. ಕೇಳಲು ಜನ ಇರುವುದು ಎಲ್ಲಕ್ಕಿಂತ ದೊಡ್ಡ ಅನುಕೂಲ.

ಎಸ್.ಪಿ. ರೋಡಿಗೆ ಒಂದು ಸುತ್ತು

ಹಳೇ ಲ್ಯಾಪ್‌ಟಾಪ್ ನಿಧಾನ ಆಗಿದ್ದರೆ ಬಹುತೇಕ ಕಾರಣ ಅದರಲ್ಲಿರುವ ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದರೆ ಆಗುವ ಬದಲಾವಣೆ ಬೇರೆ ಯಾವುದರಿಂದಲೂ ಆಗುವುದಿಲ್ಲ. 256 ಜಿಬಿ ಮನೆಬಳಕೆಗೆ ಸಾಕು. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡ್ ನಡೆದು ಹೋಗುವಷ್ಟು ದೂರ. ಲ್ಯಾಪ್‌ಟಾಪನ್ನೇ ತೆಗೆದುಕೊಂಡು ಹೋಗಿ. ರ‍್ಯಾಮ್ ಡಿಡಿಆರ್3 ಬೇಕೋ ಡಿಡಿಆರ್4 ಬೇಕೋ, ಖಾಲಿ ಸ್ಲಾಟ್ ಇದೆಯೋ ಇಲ್ಲವೋ ಅಂತ ಅಲ್ಲೇ ಬಿಚ್ಚಿ ನೋಡುತ್ತಾರೆ. ಎರಡು ಮೂರು ಅಂಗಡಿ ವಿಚಾರಿಸಿ, ವಾರಂಟಿ ಇರುವ ಬಿಲ್ ತೆಗೆದುಕೊಳ್ಳಿ. "ವಿಂಡೋಸ್ ಹಾಕಿಕೊಡ್ಲಾ ಸಾರ್?" ಅಂತ ಕೇಳಿದರೆ ಬೇಡ ಅನ್ನಿ. ತೆಗೆದ ಹಳೇ ಡಿಸ್ಕ್ ಅಂಗಡಿಯಲ್ಲಿ ಬಿಡಬೇಡಿ, ವಾಪಸ್ ತನ್ನಿ. ನಿಮ್ಮ ಎಲ್ಲ ಕಡತಗಳಿರುವುದು ಅದರಲ್ಲೇ. ಅಲ್ಲದೆ, ಹೊಸ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಹಾಕಿ ಹಳೇ ಡಿಸ್ಕನ್ನು ಹಾಗೇ ಎತ್ತಿಟ್ಟರೆ, ವಿಂಡೋಸ್‌ಗೆ ವಾಪಸ್ ಹೋಗುವ ದಾರಿಯೂ ಪೂರ್ತಿ ತೆರೆದಿರುತ್ತದೆ.

ಪೆನ್‌ಡ್ರೈವ್ ತಯಾರಿ

ಮೊದಲು ಬ್ಯಾಕಪ್. ಡಿಸ್ಕ್ ಬದಲಾಯಿಸುವುದಾದರೆ ಇದನ್ನೂ ಪೆನ್‌ಡ್ರೈವ್ ಕೆಲಸವನ್ನೂ ಅದಕ್ಕೆ ಮುಂಚೆಯೇ ಮುಗಿಸಿ. ಫೋಟೊ, ಕಡತ, ಬ್ರೌಸರ್‌ನ ಪಾಸ್‌ವರ್ಡ್‌ಗಳು, ಡೆಸ್ಕ್‌ಟಾಪ್ ಮೇಲೆ ಹರಡಿದ್ದೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ. ಹಾಕಿದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ನಂಬಬೇಡಿ.

ವಿಂಡೋಸ್ ಜೊತೆಗೇ ಲಿನಕ್ಸ್ ಇಡುವುದಾದರೆ ಇನ್ನೆರಡು ನೋಡಬೇಕು. ಒಂದು, ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದೆ ವಿಂಡೋಸ್ ಆ ಕೀ ಕೇಳಿ ಬಾಗಿಲು ಹಾಕಿಕೊಂಡು ಕೂರಬಹುದು. ಎರಡು, ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಮಿಂಟ್ ಜಾಲತಾಣದಿಂದ ಐಎಸ್‌ಒ ಕಡತ ಇಳಿಸಿಕೊಳ್ಳಿ. ಇಡೀ ಮಿಂಟ್ ಆ ಒಂದು ಕಡತದಲ್ಲಿರುತ್ತದೆ. ಸುಮಾರು 3 ಜಿಬಿ ಇರುತ್ತದೆ. ಖಾಲಿ 8 ಜಿಬಿ ಪೆನ್‌ಡ್ರೈವ್ ಚುಚ್ಚಿ, ರೂಫಸ್ ಅಥವಾ ಬಲೆನಾ ಎಚರ್ ಎಂಬ ತಂತ್ರಾಂಶದಿಂದ ಅದಕ್ಕೆ ಬರೆಯಿರಿ. ಕಡತವನ್ನು ಸುಮ್ನೆ ಕಾಪಿ ಮಾಡಿದರೆ ಆಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮುಂಚೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಲ್ಯಾಪ್‌ಟಾಪ್ ಆಫ್ ಮಾಡಿ, ಆನ್ ಮಾಡುತ್ತಿದ್ದಂತೆ ಬೂಟ್ ಮೆನು (ಯಾವುದರಿಂದ ಏಳಬೇಕು ಅಂತ ಆರಿಸುವ ಪಟ್ಟಿ) ತರುವ ಕೀಲಿ ಬಿಡದೆ ಒತ್ತುತ್ತಿರಿ. ಆ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾಡೆಲ್‌ಗಳಲ್ಲಿ ಮೊದಲು ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳು) ಒಳಗೆ ಹೋಗಿ ಆ ಮೆನು ಆನ್ ಮಾಡಬೇಕು.

ಹಾಕುವ ಮುಂಚೆ ಒಂದು ಸಂಜೆ ಓಡಿಸಿ ನೋಡಿ

ಪೆನ್‌ಡ್ರೈವ್‌ನಿಂದಲೇ ಇಡೀ ಮಿಂಟ್ ಏಳುತ್ತದೆ. ನಿಮ್ಮ ಡಿಸ್ಕ್ ಇನ್ನೂ ಮುಟ್ಟಿರುವುದಿಲ್ಲ. ಇಲ್ಲಿ ಅವಸರ ಬೇಡ. ವೈಫೈ ಸಿಗುತ್ತಿದೆಯಾ? ದನಿ ಬರುತ್ತಿದೆಯಾ? ಕ್ಯಾಮೆರಾ, ಬ್ಲೂಟೂತ್ ನಡೆಯುತ್ತಿದೆಯಾ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರ ಆಗುತ್ತಿದೆಯಾ? ವೈಫೈ ಸಿಗದಿದ್ದರೆ ಗಾಬರಿ ಆಗಬೇಡಿ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇಂಟರ್‌ನೆಟ್ ಬರುತ್ತದೆ. ಕೆಲವು ವೈಫೈ ಚಿಪ್‌ಗಳಿಗೆ ಡ್ರೈವರ್ ಬೇರೆ ಹಾಕಬೇಕು. ಮಿಂಟ್‌ನ ಡ್ರೈವರ್ ಮ್ಯಾನೇಜರ್ ಅದನ್ನು ತಾನೇ ಹುಡುಕಿ ತೋರಿಸುತ್ತದೆ.

ಪ್ರಿಂಟರ್ ಈಗಲೇ ಪರೀಕ್ಷಿಸಿ. ಎಚ್‌ಪಿಯ ಹೆಚ್ಚಿನವು ಚುಚ್ಚಿದ ಕೂಡಲೇ ನಡೆಯುತ್ತವೆ. ವೈಫೈ ಇರುವ ಹೊಸ ಪ್ರಿಂಟರ್‌ಗಳು ಸಾಮಾನ್ಯವಾಗಿ ಡ್ರೈವರ್ ಕೂಡ ಕೇಳುವುದಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಅಂಗಡಿಗಳಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ, ಡ್ರೈವರ್ ಕೈಯಾರೆ ಕೂರಿಸಬೇಕು. ನಿಮ್ಮ ಹತ್ತಿರ ಅದೇ ಇದ್ದು ದಿನಾ ಪ್ರಿಂಟ್ ತೆಗೆಯುವವರಾದರೆ, ಲಿನಕ್ಸ್ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕೆಲಸ ಮುಗಿಸಿ, ಆಮೇಲೆ ವಿಂಡೋಸ್ ಬಿಡಿ.

ಇನ್‌ಸ್ಟಾಲ್

ಚಾರ್ಜರ್ ಹಾಕಿರಿ, ಬ್ಯಾಟರಿಯೂ ತುಂಬಿರಲಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್‌ಗೆ ಚುಚ್ಚಿ. ಡಿಸ್ಕ್ ವಿಭಾಗ ಮಾಡುವ ಹೊತ್ತಿಗೆ ಕರೆಂಟ್ ಹೋದರೆ ಕಷ್ಟ. ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೂರಲೇಬೇಡಿ.

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಗುರುತು ಒತ್ತಿ. ಕೀಬೋರ್ಡ್ ಕೇಳಿದಾಗ ಇಂಗ್ಲಿಷ್ ಯುಎಸ್ ಆರಿಸಿ. ಇಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ ಜೋಡಣೆ. ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೊ ಓಡಲು ಬೇಕಾದದ್ದು) ಹಾಕಲಾ ಅಂದರೆ ಹೂಂ ಅನ್ನಿ. ಸಮಯ ವಲಯ ಕೋಲ್ಕತಾ.

ನಡುವೆ ಒಂದು ಪುಟ ಬರುತ್ತದೆ. ವಿಂಡೋಸ್ ಪಕ್ಕದಲ್ಲಿ ಹಾಕಲೋ, ಇಡೀ ಡಿಸ್ಕ್ ಅಳಿಸಿ ಹಾಕಲೋ ಅಂತ ಕೇಳುತ್ತದೆ. ಇಡೀ ಇನ್‌ಸ್ಟಾಲ್‌ನಲ್ಲಿ ತಪ್ಪಬಾರದ ಜಾಗ ಇದೊಂದೇ. ನಿಧಾನವಾಗಿ ಎರಡು ಸಲ ಓದಿ. ಹೊಸ ಎಸ್‌ಎಸ್‌ಡಿ ಆದರೆ ಅಳಿಸಿ ಹಾಕಿ, ಅಳಿಸಲು ಅಲ್ಲೇನೂ ಇಲ್ಲ. ಒಂದೇ ಡಿಸ್ಕ್ ಇದ್ದು ಮನಸ್ಸಿನ್ನೂ ಗಟ್ಟಿ ಆಗಿಲ್ಲ ಅಂದರೆ ಪಕ್ಕದಲ್ಲಿ ಹಾಕಿ, ಲಿನಕ್ಸ್‌ಗೆ 60 ಜಿಬಿ ಆದರೂ ಬಿಡಿ. ಪಕ್ಕದಲ್ಲಿ ಹಾಕುವ ಆಯ್ಕೆಯೇ ಕಾಣದಿದ್ದರೆ ಅಲ್ಲೇ ನಿಲ್ಲಿಸಿ. ಊಹೆಯ ಮೇಲೆ ಮುಂದೆ ಒತ್ತಬೇಡಿ. ಬಿಟ್‌ಲಾಕರ್ ಇರಬಹುದು, ಅಥವಾ ಬಯಾಸ್‌ನಲ್ಲಿ ಡಿಸ್ಕ್ ರೇಯ್ಡ್ ಮೋಡ್‌ನಲ್ಲಿರಬಹುದು. ಗೊತ್ತಿರುವವರನ್ನು ಕೇಳಿ ಮುಂದುವರಿಸಿ. ಉಳಿದದ್ದು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ.

ಮೊದಲ ದಿನಗಳು

ಒಳಗೆ ಬಂದ ಕೂಡಲೇ ಅಪ್‌ಡೇಟ್ ಮ್ಯಾನೇಜರ್ ಓಡಿಸಿ. ಆಮೇಲೆ ಟೈಮ್‌ಶಿಫ್ಟ್ ತೆರೆದು ಮೊದಲ ಸ್ನ್ಯಾಪ್‌ಶಾಟ್ ತೆಗೆಯಿರಿ. ಮುಂದೆ ಏನಾದರೂ ಕೆಟ್ಟರೆ ವ್ಯವಸ್ಥೆಯನ್ನು ಈ ದಿನಕ್ಕೆ ವಾಪಸ್ ತರಬಹುದು. ಆದರೆ ಅದು ವ್ಯವಸ್ಥೆಯ ಕಡತಗಳಿಗೆ ಮಾತ್ರ. ನಿಮ್ಮ ಫೋಟೊಗಳ ಬ್ಯಾಕಪ್ ಬೇರೆಯೇ ತೆಗೆಯಬೇಕು.

ಎರಡೂ ಇಟ್ಟುಕೊಂಡವರಿಗೆ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಕಾಣಬಹುದು. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಗ್ರೀನಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಲಿನಕ್ಸ್‌ನ ‘ಲೋಕಲ್ ಆರ್‌ಟಿಸಿ’ (local RTC) ಸೆಟ್ಟಿಂಗ್ ಬಗ್ಗೆ ಹುಡುಕಿ, ಒಂದು ಸಾಲಿನ ಆದೇಶದಲ್ಲಿ ಸರಿಹೋಗುತ್ತದೆ.

ಅಮ್ಮನಿಗೋ ಅಪ್ಪನಿಗೋ ಮಾಡಿಕೊಡುತ್ತಿದ್ದರೆ ಅವರು ದಿನಾ ಒತ್ತುವ ಗುರುತುಗಳನ್ನು ಡೆಸ್ಕ್‌ಟಾಪ್ ಮೇಲೆ ಅದೇ ಜಾಗದಲ್ಲಿ ಇಡಿ. ಇಲ್ಲದಿದ್ದರೆ "ಇಂಟರ್‌ನೆಟ್ ಎಲ್ಲಿ ಹೋಯ್ತಪ್ಪಾ?" ಅಂತ ಫೋನ್ ಬರುತ್ತದೆ. ಅಕ್ಷರ ದೊಡ್ಡದು ಮಾಡಿ. ಬೇಕಿದ್ದರೆ ಇಡೀ ಡೆಸ್ಕ್‌ಟಾಪನ್ನೇ ಕನ್ನಡಕ್ಕೆ ಬದಲಾಯಿಸಿ. ಅನುವಾದ ಪೂರ್ತಿ ಆಗಿಲ್ಲ, ನಡುನಡುವೆ ಇಂಗ್ಲಿಷ್ ಕಾಣುತ್ತದೆ, ಆದರೂ ಹಿರಿಯರಿಗೆ ಅದು ಹತ್ತಿರ ಅನಿಸುತ್ತದೆ.

ಆದೇಶಗಳನ್ನು ಟೈಪ್ ಮಾಡಿ ಕೊಡುವ ಟರ್ಮಿನಲ್ ಕಲಿಯಬೇಕಾ ಅಂತ ಕೇಳುತ್ತಾರೆ. ಮನೆಬಳಕೆಗೆ ಬೇಕಿಲ್ಲ. ಆದರೆ ಎಲ್ಲೋ ಕಂಡ ಆದೇಶವನ್ನು ಅರ್ಥ ಆಗದೆ ಅಂಟಿಸಬೇಡಿ, ಅದರಲ್ಲೂ ‘ಸುಡೊ’ (sudo) ಎಂದು ಶುರುವಾಗುವುದನ್ನು. ಅದು ಇಡೀ ಯಂತ್ರದ ಮೇಲೆ ಅಧಿಕಾರ ಕೊಡುತ್ತದೆ. ತಂತ್ರಾಂಶ ಬೇಕಾದಾಗ ಅಲ್ಲಿ ಇಲ್ಲಿ ಡೌನ್‌ಲೋಡ್ ಮಾಡುವ ಹಳೇ ಅಭ್ಯಾಸ ಬಿಡಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ, ಬಹುತೇಕ ಎಲ್ಲ ಅಲ್ಲೇ ಸಿಗುತ್ತದೆ.

ಸಿಕ್ಕಿಹಾಕಿಕೊಂಡರೆ ಕೇಳಲು ಈ ಊರಿನಲ್ಲಿ ಜನ ಇದ್ದಾರೆ. 2001ರಲ್ಲೇ ಲಿನಕ್ಸ್ ಬೆಂಗಳೂರು ಸಮ್ಮೇಳನ ನಡೆದ ಊರು ಇದು. ಇವತ್ತಿಗೂ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ, ಫಾಸ್ ಯುನೈಟೆಡ್‌ನಂಥ ಗುಂಪುಗಳು ಇಲ್ಲಿ ಸೇರುತ್ತವೆ. ಹೊಸಬರು ಕೇಳಿದರೆ ಹೇಳಿಕೊಡುವವರು ಅಲ್ಲಿ ಸಿಗುತ್ತಾರೆ. ಕೇಳುವಾಗ ಲ್ಯಾಪ್‌ಟಾಪ್ ಮಾಡೆಲ್, ಮಿಂಟ್‌ನ ಆವೃತ್ತಿ, ಏನು ಮಾಡಿದಾಗ ಏನಾಯಿತು, ಪರದೆ ಮೇಲೆ ಬಂದ ಸಂದೇಶ, ಇಷ್ಟನ್ನು ಹೇಳಿ. ‘ಲಿನಕ್ಸ್ ಕೆಲಸ ಮಾಡ್ತಿಲ್ಲ’ ಅಂದರೆ ಯಾರಿಗೂ ಏನೂ ಹೇಳಲು ಆಗುವುದಿಲ್ಲ.

ವಿಂಡೋಸ್ ಇಟ್ಟುಕೊಂಡಿದ್ದರೆ ಅದನ್ನು ತೆಗೆಯಲು ಅವಸರ ಬೇಡ. ಮೂರು ತಿಂಗಳು ಅದರೊಳಗೆ ಹೋಗುವ ಅಗತ್ಯವೇ ಬೀಳದಿದ್ದರೆ, ಉಳಿದ ಕಡತ ಇದೆಯಾ ಅಂತ ಒಮ್ಮೆ ಪೂರ್ತಿ ನೋಡಿ, ಆಮೇಲೆ ಆ ಜಾಗವನ್ನು ಫೋಟೊಗಳಿಗೆ ಬಳಸಿಕೊಳ್ಳಿ. ಅಷ್ಟು ಹೊತ್ತಿಗೆ ಲಿಬ್ರೆಆಫೀಸ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ಕನ್ನಡದ ಒಂದು ಪದ ಒಡ್ಡೊಡ್ಡಾಗಿ ಕಂಡಿರುತ್ತದೆ. ಲಿಬ್ರೆಆಫೀಸ್‌ನ ಅನುವಾದ ವೆಬ್‌ಲೇಟ್ ಎಂಬ ಜಾಲತಾಣದಲ್ಲಿ ನಡೆಯುತ್ತದೆ, ಫೈರ್‌ಫಾಕ್ಸ್‌ನದು ಪಾಂಟೂನ್‌ ಎಂಬುದರಲ್ಲಿ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಖಾತೆ ತೆರೆದು ಆ ಪದ ಹುಡುಕಿ, ಸರಿಯಾದದ್ದನ್ನು ಸೂಚಿಸಿ. ನೋಡುವವರು ಒಪ್ಪಿದರೆ ಮುಂದಿನ ಆವೃತ್ತಿಯಲ್ಲಿ ಎಲ್ಲರ ಕಂಪ್ಯೂಟರ್‌ನಲ್ಲೂ ಅದೇ ಬರುತ್ತದೆ.